ನಾಯಿಯನ್ನು ಮೊದಲು ಕಂಡವರು

ಅಲ್ಪವಿರಾಮರಿಗೆ ಬೇಕಾಗಿದ್ದದ್ದು ಒಂದು ಮೇಜು. ಹೊಸದೇನಲ್ಲ, ಅವರದೇ ಮೇಜು. ಮನೆಯ ಮುಂದಿನ ಕೋಣೆಯಲ್ಲಿ, ಬೆಳಕು ಎಡಗಡೆಯಿಂದ ಬೀಳುವ ಹಾಗೆ, ಕಿಟಕಿಗೆ ಒತ್ತಿಕೊಂಡು ಅದು ಇದ್ದೇ ಇತ್ತು. ಆದರೆ ಬಹಳ ಕಾಲದಿಂದ ಅದರ ಮೇಲೆ ಪ್ರಾಣಿದಯೆ ಬಂದು ಕೂತುಬಿಟ್ಟಿತ್ತು.

ಅವರು ಮುದ್ರಣಾಲಯಗಳಿಗೆ ಕರಡು ತಿದ್ದಿಕೊಡುವವರು. ಮಾತಾಡುವಾಗ ಎರಡು ಪದಕ್ಕೊಮ್ಮೆ ತಡೆದು ನಿಲ್ಲುತ್ತಿದ್ದುದರಿಂದ ಅಲ್ಪವಿರಾಮ ಎಂಬ ಹೆಸರು ಅಂಟಿಕೊಂಡಿತ್ತು. ಮನೆಯಲ್ಲಿ ಪೂರ್ಣವಿರಾಮ ಹಾಕುವ ಅಧಿಕಾರ ಹೆಂಡತಿಯದು. ಆಕೆ ಬೀದಿನಾಯಿಗಳ ಸಂಘದ ಕಾರ್ಯದರ್ಶಿ. ಜೊತೆಗೆ ಬೆಕ್ಕುಗಳ ಪರವಾಗಿ ಬೆಕ್ಕಿನಕ್ಕ, ಹಕ್ಕಿಗಳ ಪರವಾಗಿ ಪಾರಿವಾಳದ ಮೇಷ್ಟ್ರು, ಹೊರೆ ಹೊರುವ ಕತ್ತೆ ಕುದುರೆಗಳ ಪರವಾಗಿ ಒಬ್ಬ ವಕೀಲರು. ನಾಲ್ಕು ಸಂಘಗಳಿಗೂ ಸೇರಿ ಇದ್ದದ್ದು ಒಂದೇ ಕಚೇರಿ: ಅಲ್ಪವಿರಾಮರ ಮುಂದಿನ ಕೋಣೆ. ಅವರು ನಿಘಂಟಿನ ಕರಡನ್ನು ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬದ ಮೇಲಿಟ್ಟುಕೊಂಡು ತಿದ್ದುತ್ತಿದ್ದರು. ಕಳೆದ ಸಲ ದಕಾರದ ಪುಟಗಳೆಲ್ಲ ಒಗ್ಗರಣೆ ಸಿಡಿದ ಕಲೆಗಳೊಂದಿಗೆ ಹೋಗಿದ್ದವು. ಇನ್ನೊಂದು ಸಲ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಪ್ರಕಾಶಕರು ಹೇಳಿ ಕಳಿಸಿದ್ದರು.

ಆಗ ಹೊಳೆದದ್ದು ಕೂಡು ಕಚೇರಿಯ ಉಪಾಯ.

"ಈಗ ಎಲ್ಲ ಕಡೆ, ಕೋವರ್ಕಿಂಗ್ ಅಂತ, ಮಾಡ್ತಾರಂತೆ ಕಣೇ. ಒಂದು ದೊಡ್ಡ ಹಾಲು, ನಾಲ್ಕು ಮೇಜು, ಎಲ್ಲರಿಗೂ ಒಂದೇ ಫ್ಯಾನು. ನೀವೂ ಹಾಗೇ ಕೂತ್ರೆ, ಪ್ರಾಣಿಗಳಿಗೂ, ಅನುಕೂಲ."

"ನಮ್ಮನೇಲಿ ಏನು ಕಮ್ಮಿಯಾಗಿದೆ?"

"ಬೋರ್ಡು. ಸಂಘ ಅಂದ್ಮೇಲೆ, ಹೊರಗೊಂದು ಬೋರ್ಡು, ಬೇಡ್ವಾ?"

ಬೋರ್ಡು ಎಂಬ ಮಾತಿಗೆ ಹೆಂಡತಿ ಬೆಣ್ಣೆಯ ಹಾಗೆ ಕರಗಿದಳು.

ಜಾಗವೂ ಸಿಕ್ಕಿತು. ಎರಡು ಬೀದಿ ಆಚೆ ಒಬ್ಬ ಕಣ್ಣಿನ ಡಾಕ್ಟರು ವೃತ್ತಿ ಬಿಟ್ಟು, ಮಹಡಿಯ ಮೇಲಿನ ದವಾಖಾನೆಗೆ ಬೀಗ ಹಾಕಿದ್ದರು. ಕೆಳಗಡೆ ಅವರೊಬ್ಬರದೇ ವಾಸ. "ಒಂದು ದಿನ ಕೂತು ನೋಡಿ. ಸಂಜೆ ನಾನು ಮೇಲೆ ಬರ್ತೀನಿ. ನನಗೂ ಸರಿ ಅನ್ನಿಸಿದ್ರೆ ಬೀಗದ ಕೈ ನಿಮ್ಮದೇ" ಎಂದರು.

ಆ ಒಂದು ದಿನ ನೆಟ್ಟಗೆ ಕಳೆದರೆ ಅಲ್ಪವಿರಾಮರಿಗೆ ಮೇಜು ವಾಪಸ್ಸು. ಮಡಿಸುವ ಮೇಜುಗಳನ್ನು ತಾವೇ ಹೊತ್ತು ಮಹಡಿ ಹತ್ತಿಸಿದರು. ಗೋಡೆಯ ಮೇಲೆ, ದೊಡ್ಡದರಿಂದ ಸಣ್ಣದಕ್ಕೆ ಇಳಿಯುತ್ತಾ ಹೋಗುವ ಅಕ್ಷರಗಳ ಪಟ ಇನ್ನೂ ನೇತಾಡುತ್ತಿತ್ತು. ಅದೊಂದು ಬಿಟ್ಟರೆ ಹಾಲು ಯಾವ ಕೋನದಿಂದ ನೋಡಿದರೂ ಕಚೇರಿಯಂತೆಯೇ ಕಂಡಿತು. ನಾಲ್ವರೂ ತಂತಮ್ಮ ಮೇಜು ಹಿಡಿದರು. ಅಲ್ಪವಿರಾಮರು ಬಾಗಿಲ ಬಳಿ ಸ್ಟೂಲು ಹತ್ತಿ ಬೋರ್ಡಿಗೆ ಮೊಳೆ ಹೊಡೆಯತೊಡಗಿದರು.

ಅಷ್ಟರಲ್ಲಿ ಮೆಟ್ಟಿಲೇರಿ ಒಂದು ನಾಯಿ ಬಂತು. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಸಿದ್ದು. ಯಾರೂ ಕರೆಯದೆ ಬಂದ ದೂರದ ನೆಂಟನ ಹಾಗೆ ಹೊಸ್ತಿಲಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸಿತು.

ಇವರೆಲ್ಲ ಎದ್ದು ಓಡಿಬಂದು ಅದನ್ನು ಮುದ್ದಾಡುತ್ತಾರೆ ಎಂದುಕೊಂಡರು ಅಲ್ಪವಿರಾಮರು. ಯಾರೂ ಏಳಲಿಲ್ಲ. ವಕೀಲರು ಗೋಡೆಗೆ ತಿರುಗಿ ಪಟದ ಅಕ್ಷರಗಳನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದತೊಡಗಿದರು. ಮೇಷ್ಟ್ರು ಫ್ಯಾನಿನ ರೆಕ್ಕೆಗಳನ್ನು ಎಣಿಸಿದರು, ಮುಗಿಯುತ್ತಲೇ ಮತ್ತೆ ಎಣಿಸಿದರು. ಬೆಕ್ಕಿನಕ್ಕ ಕೈಚೀಲದೊಳಗೆ ಏನನ್ನೋ ಹುಡುಕುತ್ತಾ ಕುತ್ತಿಗೆಯವರೆಗೂ ಇಳಿದುಹೋದಳು. ಸ್ವಂತ ಹೆಂಡತಿ, ನಾಯಿ ಸಂಘದ ಕಾರ್ಯದರ್ಶಿ, ಖಾಲಿ ಲೋಟದಲ್ಲಿ ಚಮಚ ತಿರುಗಿಸುತ್ತಾ ಕೂತಿದ್ದಳು.

"ಅರೆ! ನಾಯಿ, ಬಂದಿದೆ!" ಎಂದರು ಅಲ್ಪವಿರಾಮರು.

ನಾಲ್ಕು ಎದೆಗಳಿಂದ ಒಟ್ಟಿಗೆ ಉಸಿರು ಹೊರಬಿತ್ತು.

"ಅಂತೂ ನೋಡಿದ್ರಲ್ಲಪ್ಪಾ! ಇನ್ನೊಂದು ಗಳಿಗೆ ತಡವಾಗಿದ್ರೆ ನನ್ನ ಕುತ್ತಿಗೆ ಉಳುಕ್ತಿತ್ತು" ಎಂದರು ಮೇಷ್ಟ್ರು.

"ಕಂಗ್ರಾಟ್ಸ್ ಭಾವ" ಎನ್ನುತ್ತಾ ಬೆಕ್ಕಿನಕ್ಕ ಚೀಲದಿಂದ ಮೇಲೆದ್ದಳು.

"ಯಾಕೆ? ಏನಾಯ್ತು?"

ಹೆಂಡತಿ ಬಿಡಿಸಿ ಹೇಳಿದಳು. ಪ್ರಾಣಿದಯೆಯವರಲ್ಲಿ ಒಂದು ಕಟ್ಟುಪಾಡಿದೆ: ಅನಾಥ ಪ್ರಾಣಿ ಯಾರ ಕಣ್ಣಿಗೆ ಮೊದಲು ಬಿತ್ತೋ ಅದಕ್ಕೆ ಅವರೇ ದಿಕ್ಕು. ಮನೆಗೆ ಒಯ್ಯಬೇಕು, ತೊಳೆಯಬೇಕು, ಅದು ರಾತ್ರಿ ಎದ್ದರೆ ತಾವೂ ಏಳಬೇಕು. ದಯೆಗೇನೋ ಮಿತಿಯಿಲ್ಲ, ಎಲ್ಲರ ಮನೆಯ ವರಾಂಡಕ್ಕೆ ಇದೆ. ಹೀಗಾಗಿ ಇವರೆಲ್ಲ ಬೀದಿಯಲ್ಲಿ ಆಕಾಶ ನೋಡಿಕೊಂಡೇ ನಡೆಯುತ್ತಾರೆ.

"ಅಲ್ವೇ, ನಾಯಿ ಸಂಘದವಳು, ನೀನು!"

"ಅದಕ್ಕೇ ನಾನು ನೋಡ್ಲಿಲ್ಲ. ನೋಡಿದ್ದು ನೀವು. ಹೆದರ್ಬೇಡಿ, ನಮ್ಮ ಮುಂದಿನ ಕೋಣೆ ಖಾಲಿಯಾಯ್ತಲ್ಲ. ಆ ಮೇಜು ಎತ್ತಿಬಿಟ್ಟು ಕಿಟಕಿ ಹತ್ರ ಒಂದು ಗೋಣಿ ಹಾಸಿದ್ರೆ ಮುಗೀತು."

ಅಲ್ಪವಿರಾಮರ ಕೈಯಿಂದ ಸುತ್ತಿಗೆ ಜಾರಿತು. ಹಿಟ್ಟಿನ ಡಬ್ಬ ಕಣ್ಣ ಮುಂದೆ ಬಂದು ನಿಂತಿತು.

ಮಧ್ಯಾಹ್ನದವರೆಗೆ ಅವರು ಆ ನಾಯಿಯನ್ನು ಬೇರೊಬ್ಬರ ಕಣ್ಣಿಗೆ ಬೀಳಿಸಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಬಿಸ್ಕತ್ತು ತೋರಿಸಿ ಅದನ್ನು ಮೇಷ್ಟ್ರ ಮೇಜಿನ ಕೆಳಗೆ ಬಿಟ್ಟರು. ಮೇಷ್ಟ್ರು ಎರಡೂ ಕಾಲು ಕುರ್ಚಿಯ ಮೇಲೆಳೆದುಕೊಂಡು ತಪಸ್ಸಿಗೆ ಕೂತವರಂತೆ ಸೂರು ನೋಡಿದರು. ಬೆಕ್ಕಿನಕ್ಕನ ಮಡಿಲಿಗೇ ತಂದಿಟ್ಟರು. ಆಕೆ ತಲೆಯ ಮೇಲೆ ಟವೆಲು ಹೊದ್ದು, "ಯಾಕೋ ತುಂಬಾ ಬೆಚ್ಚಗಿದೆ ಭಾವ, ಫ್ಯಾನ್ ಜಾಸ್ತಿ ಮಾಡಿ" ಎಂದಳು. ವಕೀಲರಂತೂ ಕಣ್ಣು ಮುಚ್ಚಿಕೊಂಡೇ ಊಟ ಮಾಡಿದರು. ಬುತ್ತಿಯಿಂದ ನಾಯಿ ಎರಡು ತುತ್ತು ತಿಂದರೂ ಅವರ ರೆಪ್ಪೆ ಅಲುಗಲಿಲ್ಲ.

ಕೊನೆಗೆ ವಕೀಲರಿಗೇ ಕನಿಕರ ಬಂತು. ಕಿವಿಯಲ್ಲಿ ಉಸುರಿದರು: "ಸ್ವಾಮಿ, ದಾರಿ ಒಂದೇ. ನೀವು ನೋಡೇ ಇಲ್ಲ ಅಂತ ಸಾಬೀತು ಮಾಡಿ. ಸ್ಟೂಲಿಗೇನೋ ತಾಗ್ತು, ನಾಯಿ ಇರ್ಬೇಕು ಅಂತ ಊಹೆ ಮಾಡಿ ಕೂಗಿದೆ ಅನ್ನಿ."

"ನಂಬ್ತಾರಾ?"

"ಕಣ್ಣು ಕಾಣಲ್ಲ ಅಂದ್ರೆ ನಂಬ್ತಾರೆ."

ಅಲ್ಲೇ ನ್ಯಾಯಾಲಯ ಕೂತಿತು. ಅಲ್ಪವಿರಾಮರನ್ನು ಅಕ್ಷರದ ಪಟದ ಎದುರು ನಿಲ್ಲಿಸಿದರು. ಬದುಕೆಲ್ಲ ದೀರ್ಘವೋ ಹ್ರಸ್ವವೋ ಎಂದು ಕಣ್ಣು ಕೀಲಿಸಿ ನೋಡಿದ ಮನುಷ್ಯ ಅಂಗೈಯಗಲದ ಅಕ್ಷರವನ್ನೂ ಬೇಕೆಂದೇ ತಪ್ಪು ಓದಿದರು. ಎರಡನೇ ಸಾಲಿನಲ್ಲಿ ಬರೀ ಇರುವೆಗಳು ಕಾಣುತ್ತಿವೆ ಎಂದರು. ಕಡೆಗೆ ಬಾಗಿಲತ್ತ ಕೈ ತೋರಿಸಿ, "ಅಲ್ಲಿರೋದು, ನಾಯಿಯೋ, ಗೋಣಿಚೀಲವೋ, ದೇವರಾಣೆ, ಗೊತ್ತಾಗಲ್ಲ" ಎಂದು ಎಲ್ಲರೆದುರು ಹೇಳಿಕೆ ಕೊಟ್ಟರು. ಹೇಳುವಾಗ ಸಂಕಟವೇ ಆಯಿತು. ಆದರೆ ಮೇಜು ಅದಕ್ಕಿಂತ ದೊಡ್ಡದು.

"ನಾಯಿಯನ್ನು ಇವರು ನೋಡಿಲ್ಲ. ಇದೇ ತೀರ್ಪು" ಎಂದರು ವಕೀಲರು. ಆ ಕ್ಷಣವೇ ನಾಯಿ ಮತ್ತೆ ಯಾರಿಗೂ ಕಾಣದಂತಾಯಿತು. ವಕೀಲರು ಪಟ ಓದಲು ಹೋದರು.

ಸಂಜೆ ಡಾಕ್ಟರು ಮೇಲೆ ಬಂದರು. ನಾಯಿ ಬಾಲ ಆಡಿಸುತ್ತಾ ಹೋಗಿ ಅವರ ಪಾದದ ಮೇಲೇ ಕೂತಿತು.

"ಓಹೋ! ಯಾರಪ್ಪಾ ನೀನು?"

ಚಪ್ಪಾಳೆ ಬಿತ್ತು. "ಡಾಕ್ಟ್ರು ನೋಡಿದ್ರು! ಡಾಕ್ಟ್ರೇ ಮೊದಲು ನೋಡಿದ್ದು!" ಎಂದು ಬೆಕ್ಕಿನಕ್ಕ ಕುಣಿದಾಡಿದಳು. ಡಾಕ್ಟರು ನೆಲದ ಮೇಲೇ ಕೂತು ಅದರ ಮಡಿಸಿದ ಕಿವಿ ಸವರಿದರು. ಬಹಳ ದಿನ ಯಾರೊಂದಿಗೂ ಮಾತಾಡದವರ ಹಾಗೆ ಅದರೊಂದಿಗೆ ಮಾತಿಗಿಳಿದರು. ಅಲ್ಪವಿರಾಮರು ಆನಂದದಿಂದ ಸುತ್ತಿಗೆ ಎತ್ತಿಕೊಂಡು ಬೋರ್ಡಿನತ್ತ ಹೊರಟರು.

"ಇದು ಇಲ್ಲೇ ಇರ್ಲಿ. ಈ ಹಾಲು ಇದಕ್ಕೇ" ಎಂದರು ಡಾಕ್ಟರು. ಆಮೇಲೆ ತಲೆಯೆತ್ತಿ, "ಆದ್ರೆ ನೀವೆಲ್ಲ ಹೀಗೆ ಚಪ್ಪಾಳೆ ತಟ್ಟಿದ್ರೆ ಆಗಲ್ಲಮ್ಮ. ನೋಡಿ ಹೇಗೆ ನಡುಗ್ತಿದೆ. ನಿಮ್ಮ ಕಚೇರಿ ಬೇರೆ ಎಲ್ಲಾದ್ರೂ ಮಾಡ್ಕೊಳ್ಳಿ."

ಯಾರು ಎದುರಾಡಬೇಕು? ನಾಯಿಯನ್ನು ಓಡಿಸಿ ನಾಯಿ ಸಂಘ ನಡೆಸುವುದು ಹೇಗೆ? "ಪ್ರಾಣಿಯ ಹಿತವೇ ಮೊದಲು" ಎಂದಳು ಹೆಂಡತಿ, ಕಣ್ಣೊರೆಸಿಕೊಂಡು. ಕಚೇರಿ ಹಳೆಯ ಜಾಗಕ್ಕೇ ಹೋಗುವುದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಈಗ ಮಡಿಸುವ ಮೇಜುಗಳೂ ಜೊತೆಗಿದ್ದವು.

ಅಲ್ಪವಿರಾಮರು ಗೋಡೆಗೊರಗಿ ನಿಂತರು.

"ಒಬ್ಬರು ಮಾತ್ರ ಇರಬಹುದು" ಎಂದರು ಡಾಕ್ಟರು. "ಮಧ್ಯಾಹ್ನ ನಾನು ಮಲಗ್ತೀನಿ, ಇದು ಒಂಟಿಯಾಗ್ಬಾರ್ದು. ಆ ಕಿಟಕಿ ಪಕ್ಕ ಮೇಜು ಹಾಕ್ಕೊಂಡು ಸದ್ದಿಲ್ಲದೆ ಕೆಲಸ ಮಾಡೋರು ಬೇಕು. ನನಗಿಂತ ಮೊದಲು ಇದನ್ನ ಯಾರಾದ್ರೂ ನೋಡಿದ್ರಾ? ನೋಡಿದ್ರೆ ಅವರಿಗೇ ಆ ಜಾಗ. ಅವರ ಪರಿಚಯ ಇದಕ್ಕೆ ಇರುತ್ತೆ."

"ನಾನು!" ಅಲ್ಪವಿರಾಮರು ಒಂದೇ ಉಸಿರಿಗೆ ಕೂಗಿದರು. "ನಾನು ಬೆಳಗ್ಗೆನೇ ನೋಡಿದ್ದೆ ಡಾಕ್ಟ್ರೇ!"

"ಆಗೋದಿಲ್ಲ" ಎಂದರು ವಕೀಲರು. "ತೀರ್ಪಾಗಿದೆ. ಇವರಿಗೆ ನಾಯಿಗೂ ಗೋಣಿಚೀಲಕ್ಕೂ ವ್ಯತ್ಯಾಸ ಕಾಣಲ್ಲ. ನಿಜ ಹೇಳ್ಬೇಕಂದ್ರೆ, ಅದು ಮೆಟ್ಟಿಲು ಹತ್ತುವಾಗ್ಲೇ ನಾನು ನೋಡಿದ್ದೆ."

"ನಾನು ಬಸ್‌ಸ್ಟಾಪಿಂದಲೇ ಅದರ ಹಿಂದೆ ಬಂದೆ ಕಣ್ರೀ!" ಎಂದರು ಮೇಷ್ಟ್ರು.

"ನಾನು ನಿನ್ನೆ ಸಂಜೆ ಇಲ್ಲಿ ಕಸ ಗುಡಿಸೋಕೆ ಬಂದಾಗ ನೋಡಿದ್ದು. ಮೆಟ್ಟಿಲ ಕೆಳಗೆ ಮಲಗಿತ್ತು" ಎಂದಳು ಹೆಂಡತಿ. ಅದಕ್ಕೂ ಹಿಂದೆ ಹೋಗಲು ಯಾರಿಗೂ ಆಗಲಿಲ್ಲ; ಕಿಟಕಿ ಪಕ್ಕದ ಜಾಗ ಅವಳದಾಯಿತು.

"ನನಗೆ ಚೆನ್ನಾಗಿ ಕಾಣುತ್ತೆ, ಡಾಕ್ಟ್ರೇ, ಬೇಕಾದ್ರೆ ಕೇಳಿ!" ಅಲ್ಪವಿರಾಮರು ಪಟದ ಕಟ್ಟಕಡೆಯ ಸಾಲನ್ನು ಗಡಗಡ ಓದಿ ಒಪ್ಪಿಸಿದರು.

"ಬೆಳಗ್ಗಿಂದ ನಾನು ಕೂಗಿ ಕೂಗಿ ಎಲ್ಲರಿಗೂ ಬಾಯಿಪಾಠವಾಗಿದೆ" ಎಂದರು ವಕೀಲರು. ಬೆಕ್ಕಿನಕ್ಕ ಪಟಕ್ಕೆ ಬೆನ್ನು ಮಾಡಿ ನಿಂತು ಅದೇ ಸಾಲನ್ನು ಹೇಳಿ ತೋರಿಸಿದಳು.

ಡಾಕ್ಟರು ಗಾಬರಿಯಿಂದ ಎದ್ದು ಅಲ್ಪವಿರಾಮರ ರೆಪ್ಪೆ ಬಿಡಿಸಿ ಟಾರ್ಚು ಬಿಟ್ಟರು. "ಮೇಲ್ನೋಟಕ್ಕೆ ಏನೂ ಇಲ್ಲ. ಅಂದ್ರೆ ಇದು ದಣಿವು. ಏನು ಕೆಲಸ ನಿಮ್ಮದು? ಕರಡು ತಿದ್ದೋದಾ! ಇನ್ನು ಆರು ತಿಂಗಳು ಒಂದಕ್ಷರ ಓದಕೂಡದು. ನೋಡ್ಕೊಳ್ಳಮ್ಮ."

"ನೋಡ್ಕೋತೀನಿ ಡಾಕ್ಟ್ರೇ. ಪ್ರಕಾಶಕರಿಗೆ ನಾನೇ ಫೋನ್ ಮಾಡ್ತೀನಿ" ಎಂದು ಹೆಂಡತಿ ಗಂಡನ ಕೈ ಹಿಡಿದುಕೊಂಡಳು. ಅವಳ ದನಿಯಲ್ಲಿ ನಿಜವಾದ ನೋವಿತ್ತು. "ಇಷ್ಟು ವರ್ಷ ಒಂದು ಮಾತೂ ಹೇಳ್ಲಿಲ್ಲವಲ್ರೀ. ಓದಬಾರದು ಅಂದ್ಮೇಲೆ ನಿಮ್ಮ ಮೇಜು ಸುಮ್ನೆ ಯಾಕಿರ್ಬೇಕು? ಅದನ್ನೇ ಇಲ್ಲಿಗೆ ತರ್ಸೋಣ."

ಕತ್ತಲಾಗುವ ಮೊದಲೇ ಮೇಜು ಬಂತು. ಒಂದು ತುದಿ ವಕೀಲರು ಹಿಡಿದರು, ಇನ್ನೊಂದು ತುದಿ ಅಲ್ಪವಿರಾಮರು. ಮೆಟ್ಟಿಲು ಮುಗಿಯುವಲ್ಲಿ, ಹೊಸ್ತಿಲಿಗಡ್ಡವಾಗಿ ನಾಯಿ ಕಾಲು ಚಾಚಿ ಮಲಗಿತ್ತು.

"ನಿಧಾನ ಸ್ವಾಮಿ, ಕಾಲೆತ್ತಿ ಇಡಿ" ಎಂದರು ವಕೀಲರು, ಬಹಳ ಮೃದುವಾಗಿ. "ಮುಂದೆ ನಾಯಿ ಇದೆ. ನಿಮಗೆ ಕಾಣಲ್ಲ."