ಏನೂ ಸೇರಿಸದ ಡಬ್ಬ

ತಪ್ಪೆಲ್ಲ ಪೆಟ್ಟಿಗೆಯ ಮೇಲೆ ಬರೆದಿದ್ದ ‘ಬ್ಯಾಟರಿ’ ಎಂಬ ಒಂದೇ ಪದದ್ದು.

ಬೈರೂತಿನ ಆ ಐದಂತಸ್ತಿನ ಕಟ್ಟಡಕ್ಕೆ ಸರ್ಕಾರದ ಕರೆಂಟು ಬರುವುದು ದಿನಕ್ಕೆ ಎರಡು ಗಂಟೆ, ಅದೂ ಅದಕ್ಕೆ ಮನಸ್ಸಾದರೆ. ಉಳಿದ ಹೊತ್ತು ಓಣಿಯಲ್ಲಿ, ಮನೆಮನೆಗೆ ಕರೆಂಟು ಮಾರುವ ತನ್ನೂಸ್ ಎಂಬವನ ಜನರೇಟರು ಗೊರಕೆ ಹೊಡೆಯುತ್ತದೆ. ಅಂಥಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರು ಆಳುಗಳು ‘ಬ್ಯಾಟರಿ’ ಎಂದು ಬರೆದ, ಕುರಿಯಷ್ಟು ತೂಕದ ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತಿದರೆ, ಸುದ್ದಿ ಅವರಿಗಿಂತ ಮೊದಲೇ ಐದನೇ ಮಹಡಿ ಮುಟ್ಟಿರುತ್ತದೆ.

ಕನ್ನಡಕದಂಗಡಿಯ ನಸ್ರಿ ಈ ಪೆಟ್ಟಿಗೆಗಾಗಿ ಹದಿನಾಲ್ಕು ತಿಂಗಳು ಕಾದಿದ್ದ. ಸ್ವಿಸ್ ಬೆಟ್ಟದ ಮೇಲೆ ಇಬ್ಬರು ಮುದುಕರು ವರ್ಷಕ್ಕೆ ಇಪ್ಪತ್ತೇ ಇಪ್ಪತ್ತು ಮಾಡುವ ಪ್ರೀಆಂಪ್ಲಿಫೈಯರ್ ಅದು. ಕಪಾಟಿನಲ್ಲಿ ಅದಕ್ಕೆಂದು ಜಾಗ ಖಾಲಿ ಬಿಟ್ಟಿದ್ದ. ಪ್ರತಿದಿನ ಆ ಖಾಲಿ ಜಾಗದ ಧೂಳು ಒರೆಸುತ್ತಿದ್ದ.

ಪೆಟ್ಟಿಗೆ ಬಿಚ್ಚುವಷ್ಟರಲ್ಲಿ ಮೂರನೇ ಮಹಡಿಯ ಮದಾಮ್ ಹೈಫಾ ಒಳಗೇ ಬಂದಿದ್ದಳು.

“ನಿನ್ನ ಕೈಗೆ ಆಯಸ್ಸು ಬರ್ಲಿ ನಸ್ರಿ. ಕೊನೆಗೂ ಈ ಕಟ್ಟಡದಲ್ಲಿ ಒಬ್ಬ ಗಂಡಸು ಹುಟ್ಟಿದ. ನನ್ನ ಫ್ರೀಜರಿಗೆ ಒಂದು ವಯರ್ ಎಳ್ಕೊಡು ಸಾಕು. ನಾಲ್ಕು ಕಿಲೋ ಮಾಂಸದ ಕಿಬ್ಬೆ ಮಾಡಿಟ್ಟಿದೀನಿ.”

“ಮೊದಲು ಲಿಫ್ಟು,” ಎಂದ ಅವಳ ಹಿಂದೆ ಏದುಸಿರು ಬಿಡುತ್ತಿದ್ದ ಅಬು ಫರೀದ್. ನೆಲಮಹಡಿಯ ಹಜಾಮತಿಯಂಗಡಿ ಅವನದು. “ನನ್ನ ಮಂಡಿ ನಿನ್ನ ಕಿಬ್ಬೆಗಿಂತ ಹಳೇದು.”

“ಇದು ಕರೆಂಟ್ ಕೊಡೋ ಬ್ಯಾಟರಿ ಅಲ್ಲ ಚಿಕ್ಕಪ್ಪ,” ಎಂದ ನಸ್ರಿ. “ರೆಕಾರ್ಡಿನ ಸದ್ದು ಇದರೊಳಗೆ ಹೋಗಿ ಹೊರಗೆ ಬರುತ್ತೆ.”

“ಬಂದು?”

“ಹೆಂಗೆ ಹೋಯ್ತೋ ಹಂಗೇ ಬರುತ್ತೆ. ಇದು ಏನೂ ಸೇರಿಸಲ್ಲ. ತನ್ನದೇ ಬ್ಯಾಟರಿ ಮೇಲೆ ನಡಿಯೋದ್ರಿಂದ ಗೋಡೆ ಕರೆಂಟಿನ ಗುಂಯ್ ಅನ್ನೋ ಸದ್ದೂ ಸೇರಲ್ಲ.”

“ಎಷ್ಟು ಕೊಟ್ಟೆ?”

“ಒಂಬತ್ತು ಸಾವಿರ ಡಾಲರ್.”

ಅಬು ಫರೀದ್ ಅವನನ್ನು ಸಾವಿನ ಮನೆಗೆ ಬಂದವರ ಹಾಗೆ ನೋಡಿದ. “ಏನೂ ಮಾಡದೆ ಇರೋದಕ್ಕೆ ಒಂಬತ್ತು ಸಾವಿರ. ನನ್ನಳಿಯ ಅದನ್ನ ಪುಕ್ಕಟೆ ಮಾಡ್ತಾನಲ್ಲೋ.”

“ಅವನು ತರಿಸಿದ್ದು ಅವನಪ್ಪನಿಗೋಸ್ಕರ,” ಎಂದಳು ಒಳಗಿನಿಂದ ನಸ್ರಿಯ ಅಮ್ಮ. “ಇವತ್ತು ನಿನ್ನ ಸುಳ್ಳು ಬಯಲಾಗುತ್ತೆ ಅಬು ಫರೀದ್.”

ಜಗಳ ಹಳೆಯದು. ಎಪ್ಪತ್ತೊಂದರ ಬೇಸಿಗೆಯಲ್ಲಿ ಜಹ್ಲೆ ಊರಿನ ತೋಟದಲ್ಲಿ ನಡೆದ ಸಂಗೀತ ಕಚೇರಿಯ ರೆಕಾರ್ಡೊಂದು ನಸ್ರಿಯ ಹತ್ತಿರವಿತ್ತು. ಹಾಡುವವಳು ಸಾಲಿನ ನಡುವೆ ಒಮ್ಮೆ ನಿಲ್ಲಿಸುತ್ತಾಳೆ. ಆ ಮೌನದಲ್ಲಿ ಕೇಳುಗರಲ್ಲಿ ಯಾರೋ ಒಬ್ಬ ‘ಆಹ್’ ಎನ್ನುತ್ತಾನೆ. ಎರಡನೇ ಸಾಲಿನಲ್ಲಿ ಕೂತಿದ್ದ ತನ್ನ ಗಂಡ ಮಿಶೆಲ್ ಎನ್ನುತ್ತಾಳೆ ಅಮ್ಮ. ಮೂರನೇ ಸಾಲಿನಲ್ಲಿದ್ದ ನಾನೇ ಎಂದು ಅಬು ಫರೀದ್ ಐವತ್ತು ವರ್ಷದಿಂದ ತನ್ನ ಕತ್ತರಿಯಡಿ ಸಿಕ್ಕ ತಲೆಗಳಿಗೆಲ್ಲ ಹೇಳಿದ್ದಾನೆ. ನಸ್ರಿಗೆ ಆರು ವರ್ಷವಾಗಿದ್ದಾಗ ತೀರಿಕೊಂಡ ಅಪ್ಪನ ದನಿ ಬೇರೆಲ್ಲೂ ಉಳಿದಿರಲಿಲ್ಲ. ಸಾವಿರ ಸಲ ಕೇಳಿದ್ದ. ಪ್ರತಿಸಲವೂ ಆ ‘ಆಹ್’ ಗುಂಯ್‌ಗುಡುವ ಸದ್ದಿನೊಳಗೆ ಸೊಳ್ಳೆಯ ಹಾಗೆ ಸತ್ತುಹೋಗುತ್ತಿತ್ತು.

ಮಧ್ಯಾಹ್ನಕ್ಕೆ ಡಬ್ಬ ಚಾರ್ಜಾಯಿತು. ಜೋಡಿಸಿ ನೋಡಿದ. ಸ್ಪೀಕರಿನ ಗುಂಯ್ ಮಾಯ. ಆದರೆ ಓಣಿಯ ಜನರೇಟರು ಈಗ ಕಿಟಕಿಯಿಂದ ನೇರವಾಗಿ ಬಂದು ಕಿವಿಯಲ್ಲಿ ಕೂತಿತು.

ನಸ್ರಿ ಓಣಿಗಿಳಿದ.

“ಆನ್ ಮಾಡು ಅಂತ ಬೈದೋರನ್ನ ನೋಡಿದೀನಿ,” ಎಂದ ತನ್ನೂಸ್. “ಆಫ್ ಮಾಡು ಅಂತ ಬೇಡ್ಕೊಳ್ಳೋನು ನೀನೇ ಮೊದಲು. ಎಲ್ಲಾ ಮನೆಯವರೂ ಒಪ್ಪಲಿ, ಹತ್ತು ನಿಮಿಷ ನಿಲ್ಲಿಸ್ತೀನಿ.”

ಒಪ್ಪಿಸಲು ಓಡಾಡಿದವನು ಅಬು ಫರೀದನೇ. ಅರ್ಧ ಗಡ್ಡ ಹೆರೆದಿದ್ದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು, ಹಳೇ ಮಂಡಿಯಲ್ಲಿ ಮನೆಮನೆ ಹತ್ತಿಳಿದ. ಮದಾಮ್ ಹೈಫಾ ಒಂದೇ ಕರಾರು ಹಾಕಿದಳು: ಕಿಬ್ಬೆ ಕರಗಿದರೆ ಎಲ್ಲರೂ ತಿಂದು ಮುಗಿಸಬೇಕು.

ಐದಕ್ಕೆ ನಸ್ರಿಯ ನಡುಮನೆಯಲ್ಲಿ ಹದಿನೇಳು ಜನ. ಅರ್ಧ ಗಡ್ಡದವನೂ ಟವೆಲ್ ಸಮೇತ ಬಂದಿದ್ದ. ಕಿಟಕಿ ಮುಚ್ಚಿ, ದಪ್ಪ ಪರದೆ ಎಳೆದು ಕೋಣೆ ಕತ್ತಲು ಮಾಡಿದ್ದರು.

“ಮುಳ್ಳನ್ನ ಆ ಮೌನದ ಮೇಲೇ ಇಡ್ತೀನಿ,” ಎಂದ ನಸ್ರಿ. “ಮೊದಲು ಏನೂ ಕೇಳಲ್ಲ. ಆಮೇಲೆ ‘ಆಹ್’. ಯಾರೂ ಉಸಿರಾಡಬೇಡಿ.”

ತನ್ನೂಸ್ ಜನರೇಟರ್ ನಿಲ್ಲಿಸಿದ. ಹೊಟ್ಟೆಯೊಳಗಿನ ಕಾಫಿ ಕೂಡ ಕೇಳಿಸುವಂಥ ನಿಶ್ಶಬ್ದ. ಡಬ್ಬದ ಹಸಿರು ದೀಪ ಮಾತ್ರ ಅಲುಗದೆ ಉರಿಯುತ್ತಿತ್ತು. ನಸ್ರಿ ಮುಳ್ಳು ಇಳಿಸಿದ.

ರೆಕಾರ್ಡು ತಿರುಗುತ್ತಿರಲಿಲ್ಲ.

ಡಬ್ಬಕ್ಕೆ ತನ್ನದೇ ಬ್ಯಾಟರಿ ಇತ್ತು. ರೆಕಾರ್ಡು ತಿರುಗಿಸುವ ಯಂತ್ರ, ಸ್ಪೀಕರಿಗೆ ಶಕ್ತಿ ಕೊಡುವ ದೊಡ್ಡ ಆಂಪ್ಲಿಫೈಯರ್, ಇವೆರಡೂ ತನ್ನೂಸನ ಜನರೇಟರಿಗೇ ನೇತುಬಿದ್ದಿದ್ದವು. ಹದಿನಾಲ್ಕು ತಿಂಗಳು ಒಂದೇ ಡಬ್ಬದ ಧ್ಯಾನ ಮಾಡಿದವನಿಗೆ ಉಳಿದೆರಡು ಡಬ್ಬ ನೆನಪೇ ಆಗಿರಲಿಲ್ಲ. ತಡೆಯುವ ಮೊದಲೇ ಅವನ ಬಾಯಿಂದ ಹೊರಬಿತ್ತು:

“ಆಹ್.”

ಕತ್ತಲಲ್ಲಿ ಅಮ್ಮನ ದನಿ ಕೇಳಿಸಿತು. “ಮಿಶೆಲ್. ಇವನೇ. ನನ್ನ ತಮ್ಮನ್ನ ಬಾಗಿಲಲ್ಲಿ ಕಂಡಾಗೆಲ್ಲಾ ಹಿಂಗೇ ಅಂತಿದ್ದ.”

ಅಬು ಫರೀದ್ ಟೋಪಿ ತೆಗೆದ. “ನಂದಲ್ಲ. ಒಪ್ಕೊಂಡೆ. ಆದ್ರೆ ಏನು ಸ್ಪಷ್ಟ ಕಣೋ ನಸ್ರಿ, ಇಲ್ಲೇ ಪಕ್ಕದಲ್ಲಿ ನಿಂತು ಅಂದಂಗಿತ್ತು.”

“ಒಂಬತ್ತು ಸಾವಿರ ಏನೇನೂ ಅಲ್ಲ,” ಎಂದಳು ಮದಾಮ್ ಹೈಫಾ, ಮೂಗೊರೆಸಿಕೊಳ್ಳುತ್ತ.

ನಸ್ರಿ ಬಾಯಿ ತೆರೆದ. ಅಷ್ಟರಲ್ಲಿ ಅಮ್ಮ ತಡವುತ್ತ ಬಂದು ಅವನ ಕೈ ಹಿಡಿದು ಮುತ್ತಿಟ್ಟಳು. ಬಾಯಿ ಮುಚ್ಚಿದ.

ಜನರೇಟರು ಮತ್ತೆ ಶುರುವಾಯಿತು. ರೆಕಾರ್ಡು ತಾನಾಗಿ ತಿರುಗತೊಡಗಿತು. ಎಲ್ಲರೂ ಎದ್ದು ಕುರ್ಚಿ ಎಳೆದಾಡಿ ಹೊಗಳುವ ಗಲಾಟೆಯಲ್ಲಿ ನಿಜವಾದ ‘ಆಹ್’ ಯಾರ ಕಾಲಡಿಯಲ್ಲೋ ಹಾದುಹೋಯಿತು.

ಬಾಗಿಲಲ್ಲಿ ಅಬು ಫರೀದ್ ತಿರುಗಿ ನಿಂತ. “ತನ್ನೂಸನ್ನ ಒಪ್ಪಿಸ್ತೀನಿ, ನಾಳೆ ಐದಕ್ಕೂ ಆಫ್ ಮಾಡ್ತಾನೆ. ಜಹ್ಲೆಯಿಂದ ನನ್ನ ತಮ್ಮ ಬರ್ತಾನೆ. ಅವನು ಕಿವಿಯಾರೆ ಕೇಳದೆ ನಂಬೋನಲ್ಲ. ಹಿಂಗೇ ಹಾಕು, ಒಂದು ಚೂರೂ ವ್ಯತ್ಯಾಸ ಆಗಬಾರದು.”

ಮದಾಮ್ ಹೈಫಾ ತಂದಿಟ್ಟ ಕಿಬ್ಬೆ ಮುಗಿಸಿ ಎಲ್ಲರೂ ಹೋದ ಮೇಲೆ ನಸ್ರಿ ಬಚ್ಚಲಿಗೆ ಹೋಗಿ ಚಿಲಕ ಹಾಕಿ ನಲ್ಲಿ ಬಿಟ್ಟ. “ಆಹ್,” ಎಂದು ನೋಡಿದ. ಹಾಗೆ ಬರಲಿಲ್ಲ. ಗಂಟಲು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಇನ್ನೊಮ್ಮೆ ಎಂದ.

“ನಸ್ರಿ,” ಅಮ್ಮ ಹೊರಗಿನಿಂದ ಬಾಗಿಲು ಬಡಿದಳು. “ಹೊಟ್ಟೆ ಸರಿ ಇಲ್ವೇನೋ? ಆ ಕಿಬ್ಬೆ ತಿನ್ನಬೇಡ ಅಂದಿದ್ದೆ.”