ಮರಿಯಪ್ಪನ ಬೈಕೂ ಎರಡು ಸುತ್ತಿನ ಸ್ಕ್ರೂವೂ

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ತಿಪ್ಪೆಯ ಹಾಗಿದೆ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳ ಮಾತುಗಳು ಅದಕ್ಕಿಂತ ನೆಟ್ಟಗಿವೆ ಎಂದು ಹೇಳಲಾರೆ. ಈ ಕಥೆಯಲ್ಲಿ ಬರುವ ಅಮೂಲ್ಯ ನಾನೇ. ಸಾಲಿಗೊಂದು ‘ನಾನು’ ಬರೆಯಲು ನಾಚಿಕೆಯಾದ್ದರಿಂದ ಪಕ್ಕದ ಮನೆಯವಳ ಹಾಗೆ ಬರೆದಿದ್ದೇನೆ. ಕಥೆ ಹೇಗೂ ನಮ್ಮಪ್ಪ ಮರಿಯಪ್ಪನದು. ಅವನ ಮನಸ್ಸಿನ ಒಳಗಿನ ಸಂಗತಿಗಳೆಲ್ಲ ಅವನು ಆಮೇಲೆ ಹಸುವಿನ ಹತ್ತಿರ ಹೇಳಿಕೊಳ್ಳುವಾಗ ಕೇಳಿಸಿಕೊಂಡವು.

ವಿರೂಪಾಕ್ಷಿಪುರದ ಆಚೆ ಮರಿಯಪ್ಪನಿಗೆ ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಎರಡು ಸೀಮೆಹಸು, ಒಬ್ಬಳು ಮಗಳು, ಒಬ್ಬಳು ಹೆಂಡತಿ ಮತ್ತು ಒಂದು ಹಳೇ ಬೈಕು. (ಪ್ರೀತಿಯ ಲೆಕ್ಕದಲ್ಲಿ ಈ ಪಟ್ಟಿಯನ್ನು ಕೆಳಗಿನಿಂದ ಓದಬೇಕು, ತನ್ನದೊಂದನ್ನು ಬಿಟ್ಟು ಎಂದು ಹೆಂಡತಿ ಸರಸಮ್ಮನ ವಾದ.)

ಆ ಬೈಕು ಚಳಿಗೆ ಹೆದರುತ್ತಿತ್ತು. ಬೆಳಿಗ್ಗೆ ಚೋಕ್ ಎಳೆಯದೆ ಉಸಿರೂ ಬಿಡುತ್ತಿರಲಿಲ್ಲ. ಚೋಕ್ ಎಂದರೆ ತಣ್ಣಗಿರುವ ಇಂಜಿನ್ನಿಗೆ ಎರಡು ಗುಟುಕು ಹೆಚ್ಚು ಪೆಟ್ರೋಲ್ ಕುಡಿಸುವ ಉಪಾಯ. ಹ್ಯಾಂಡಲ್ಲಿನ ಎಡಕ್ಕೆ ಪುಟ್ಟ ಲಿವರ್, ಅಲ್ಲಿಂದ ಕಾರ್ಬ್ಯುರೇಟರಿಗೆ ಒಂದು ಕೇಬಲ್, ಅಷ್ಟೇ. ಕೇಬಲ್ ತುಕ್ಕು ಹಿಡಿದು, ಮರಿಯಪ್ಪನ ಹೆಬ್ಬೆರಳಿನ ಮಾತನ್ನು ಮಾತ್ರ ಕೇಳುತ್ತಿತ್ತು, ಅದೂ ಮನಸ್ಸಿದ್ದರೆ. ಕನಕಪುರದ ಮದುವೆಯ ದಿನ ಮನಸ್ಸಿರಲಿಲ್ಲ. ಮುಕ್ಕಾಲು ಗಂಟೆ ಕಿಕ್ ಹೊಡೆದು ಹೊರಟ ದಂಪತಿಗಳು ಛತ್ರ ತಲುಪಿದಾಗ ಕೊನೆಯ ಪಂಕ್ತಿಯವರೂ ಕೈ ತೊಳೆಯುತ್ತಿದ್ದರು. ರೇಷ್ಮೆ ಸೀರೆ ಉಟ್ಟು ಹಸಿದು ಬಂದ ಸರಸಮ್ಮ ಅಂದೇ ತೀರ್ಪು ಕೊಟ್ಟಳು: ಬೈಕು ಮಾರಬೇಕು.

ಮರಿಯಪ್ಪ ಆಗಲಿ ಎಂದ. ಆದರೆ ಕೊಳ್ಳುವವರು ಭಾನುವಾರ ಬೆಳಿಗ್ಗೆ ಏಳರೊಳಗೆ ಬರಬೇಕು, ಬಿಸಿಲೇರಿದ ಮೇಲೆ ತನಗೆ ತೋಟದ ಕೆಲಸ ಎಂದು ಷರತ್ತು ಹಾಕಿದ. ಹಿಂದಿನ ಸಂಜೆ, ಕೇಬಲ್ಲನ್ನು ಕಾರ್ಬ್ಯುರೇಟರಿನ ಬಳಿ ಹಿಡಿದಿಡುವ ಸ್ಕ್ರೂವನ್ನು ಎರಡೇ ಸುತ್ತು ಸಡಿಲಿಸಿಡುತ್ತಿದ್ದ. ಮೇಲೆ ಲಿವರ್ ಠೀವಿಯಿಂದ ಆಡುತ್ತಿತ್ತು, ಕೆಳಗೆ ಚೋಕ್ ನಿದ್ದೆ ಮಾಡುತ್ತಿತ್ತು. ಇಂಜಿನ್ ಬಿಸಿಯಾಗಬಾರದೆಂದು ಭಾನುವಾರ ಹಾಲಿನ ಕ್ಯಾನನ್ನು ಡೈರಿಗೆ ನಡೆದೇ ಹೊರುತ್ತಿದ್ದ. ಬಿಡದಿಯಿಂದ ಬಂದವನು ನಲವತ್ತು ಕಿಕ್ ಹೊಡೆದು ಮೀನಖಂಡ ಹಿಡಿದುಕೊಂಡು ಕೂತ. ಮಾಗಡಿಯಿಂದ ಬಂದವನು ಇದನ್ನು ತೂಕಕ್ಕೆ ಹಾಕಿ ಎಂದು ನಕ್ಕು ಹೋದ. ಅವರ ಬೆನ್ನು ಕಂಡೊಡನೆ ಸ್ಕ್ರೂ ಎರಡು ಸುತ್ತು ಬಿಗಿಯಾಗುತ್ತಿತ್ತು.

ಆ ನಗು ಅಮೂಲ್ಯಳಿಗೆ ಚುಚ್ಚಿತು. ಅಪ್ಪ ತಲೆ ತಗ್ಗಿಸಿ ನಿಂತಿದ್ದ. (ನಗು ಬಚ್ಚಿಡಲು ತಗ್ಗಿಸಿದ್ದೆಂದು ಅವಳಿಗೇನು ಗೊತ್ತು.) ಮೂರನೆಯ ಭಾನುವಾರ ಅವನು ಕ್ಯಾನ್ ಹೊತ್ತು ಹೋದದ್ದೇ ತಡ, ಅವಳು ಬೈಕಿನ ಪಕ್ಕ ಚಾಪೆ ಹಾಸಿ ಕೂತಳು. ತಂತಿಯನ್ನು ಎಳೆದು ಒರೆಸಿದಳು. ಕೇಬಲ್ಲಿನ ಬಾಯಿಗೆ ಹೊಲಿಗೆ ಮೆಷಿನ್ನಿನ ಎಣ್ಣೆಯನ್ನು, ಮಗುವಿಗೆ ಔಷಧಿ ಹಾಕುವ ಹಾಗೆ, ಹನಿ ಹನಿಯಾಗಿ ಬಿಟ್ಟಳು. ಸ್ಕ್ರೂ ಸಡಿಲವಿರುವುದು ಆಗ ಕಂಡಿತು. ಲಿವರ್ ಪೂರ್ತಿ ಒಳಗಿಟ್ಟು, ತಂತಿಯಲ್ಲಿ ಒಂದು ಅಕ್ಕಿಕಾಳಿನಷ್ಟು ಸಡಿಲ ಬಿಟ್ಟು ಬಿಗಿದಳು. ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ತಿರುಗಿಸಿ, ಕೇಬಲ್ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲವೆಂದು ಮೂರು ಸಲ ನೋಡಿದಳು.

ಹಾರೋಹಳ್ಳಿಯ ಗಂಗಹನುಮಯ್ಯ ಬಂದಾಗ ಮರಿಯಪ್ಪ ಮನೆ ಜಗಲಿಯ ಮೇಲೆ ಆರಾಮವಾಗಿ ಕೂತಿದ್ದ. ಹೊಡೀರಿ ಸ್ವಾಮಿ, ಎಷ್ಟು ಕಿಕ್ ಬೇಕಾದರೂ ಹೊಡೀರಿ ಎಂದು ದಾನಶೂರನ ಹಾಗೆ ಕೈ ಬೀಸಿದ. ಗಂಗಹನುಮಯ್ಯ ಚೋಕ್ ಎಳೆದರು, ಒಂದೇ ಒಂದು ಕಿಕ್ ಹೊಡೆದರು. ಬೈಕು ಡುಗುಡುಗು ಎಂದು ಹಾಡಲು ಶುರು ಮಾಡಿತು. ಮರಿಯಪ್ಪನ ಉಸಿರು ಅಲ್ಲೇ ಆಫ್ ಆಯಿತು.

“ಸ್ಟಾರ್ಟೇ ಆಗಕಿಲ್ಲ ಅಂದಿದ್ರು. ಮೊಸರು ಕಡ್ದಂಗೈತಲ್ಲ ಸೌಂಡು” ಎಂದು ಗಂಗಹನುಮಯ್ಯ ಜೇಬಿಗೆ ಕೈ ಹಾಕಿದರು.

ಒಳಗಿನಿಂದ ಓಡಿ ಬಂದ ಸರಸಮ್ಮ ಯಾರು ರಿಪೇರಿ ಮಾಡಿದ್ದು ಎಂದು ಕೇಳಿದಳು. ಅಮೂಲ್ಯ ಬಾಗಿಲ ಹಿಂದಿನಿಂದಲೇ, ತಪ್ಪಾಗಬಾರದೆಂದು ಯೋಚಿಸಿ ಯೋಚಿಸಿ ಹೇಳಿದಳು: “ನಾನೇ ಕಣವ್ವ. ಕೇಬಲ್ ಹಿಡ್ಕೊಳೋ ಸ್ಕ್ರೂ ಸಡ್ಲ ಆಗಿತ್ತು. ಸರಿಯಾಗಿ ಎಲ್ಡು ಸುತ್ತು.”

“ಭೇಷ್ ಕಣವ್ವ” ಎಂದ ಮರಿಯಪ್ಪ. ಬಾಯಿಗೆ ಬೇವಿನ ಕಷಾಯ ಹುಯ್ಯಿಸಿಕೊಂಡವರ ಮುಖ ಹಾಗಿರುತ್ತದೆ.

“ತಾನಾಗೇ ಸಡ್ಲ ಆಗಿದ್ರೆ ಒಸಿ ಅಂತಿದ್ಲು” ಎಂದಳು ಸರಸಮ್ಮ. “ಸರಿಯಾಗಿ ಎಲ್ಡು ಅಂದ್ರೆ ಯಾರೋ ಎಣ್ಸವ್ರೆ.” ಅವಳ ಕಣ್ಣು ಗಂಡನ ಅಂಗಿಯ ಜೇಬಿನ ಮೇಲೆ ನಿಂತಿತು. ಅಲ್ಲಿಂದ ಸ್ಕ್ರೂಡ್ರೈವರ್ ತಲೆ ಎತ್ತಿ ಅವಳನ್ನೇ ನೋಡುತ್ತಿತ್ತು.

ಸರಸಮ್ಮ ಬಯ್ಯಲಿಲ್ಲ. ಗಂಗಹನುಮಯ್ಯನವರಿಗೆ ಕಾಫಿ ತಂದುಕೊಟ್ಟು, ಬೇಜಾರು ಮಾಡಿಕೊಳ್ಳಬೇಡಿ ಅಣ್ಣ, ಗಾಡಿ ಮಾರುವುದಿಲ್ಲ ಎಂದಳು. ಮರಿಯಪ್ಪನಿಗೆ ಬೈಕಿಗೆ ಕರ್ಪೂರ ಹಚ್ಚುವಷ್ಟು ಸಂತೋಷವಾಯಿತು. ಅವರು ಗೊಣಗುತ್ತಾ ಹೋಗುವವರೆಗೂ ಆ ಸಂತೋಷ ಇತ್ತು.

“ಕೀ ಕೊಡಿ ಇಲ್ಲಿ” ಎಂದು ಸರಸಮ್ಮ ಕೈ ಚಾಚಿದಳು. “ಒಂದೇ ಕಿಕ್ಗೆ ಸ್ಟಾರ್ಟ್ ಆದ್ರೆ ನಂಗೂ ಆಯ್ತದೆ. ನಾಳೆಯಿಂದ ಡೈರಿಗೆ ನಾನೇ ಹೊಯ್ತೀನಿ.”

“ಗೇರ್ ಗಾಡಿ ಕಣೆ ಇದು. ನಿನ್ ತೌರಿನ ಮೊಪೆಡ್ ಅಲ್ಲ.”

“ಮಗಳು ಅವ್ಳೆ ಅಲ್ವಾ, ಹೇಳ್ಕೊಡ್ತಾಳೆ. ಅವ್ಳಿಗೆ ಎಲ್ಲಾ ಬತ್ತದೆ. ನೀವು ಬಸ್ಸಲ್ಲಿ ಹೋಗಿ, ಪಾಪ, ಮೀನಖಂಡಕ್ಕೂ ರೆಸ್ಟು.”

ಮಗಳು ಬಾಗಿಲ ಹಿಂದೆ ನಿಂತು ಬೆವೆತಳು. ಅಮೂಲ್ಯಳಿಗೆ ಚೋಕ್ ಕೇಬಲ್ ಗೊತ್ತು, ಬೈಕು ಓಡಿಸಲು ಗೊತ್ತಿಲ್ಲ. ನಿಂತಿರುವ ಬೈಕನ್ನಷ್ಟೇ ಅವಳು ಬಲ್ಲಳು. ಹಾಗೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವ್ವ ಕೀಯನ್ನು ಸೆರಗಿನ ಗಂಟಿಗೆ ಸೇರಿಸಿ, ಇಡೀ ಬೀದಿಗೆ ಸುದ್ದಿ ಹೇಳಲು ಹೊರಟುಹೋಗಿದ್ದಳು.

ಅಪ್ಪ ಅಮೂಲ್ಯಳ ಜೊತೆ ಮಾತು ಬಿಟ್ಟು ಈಗ ಐದು ಗಂಟೆ ಹೊತ್ತಾಯಿತು. ಇವತ್ತು ಸಂಜೆ ಅವಳು ಅವನಿಗೊಂದು ಲೋಟ ಟೀ ತೆಗೆದುಕೊಂಡು ಹೋಗಿ, ಗೇರ್ ಹಾಕುವುದು ಹೇಗೆ ಎಂದು ಕೇಳುತ್ತಾಳೆ. ಅಂದರೆ, ನಾನು ಕೇಳುತ್ತೇನೆ.