ಏಳನೇ ನಂಬರಿನ ಮೀಸೆ ಮತ್ತು ಜಡೆ

ನನ್ನ ತಮ್ಮ ಪದ್ಮನಾಭನ ಯಂತ್ರಗಳಿಂದ ನಮ್ಮ ಕಾಗದ ಕಾರ್ಖಾನೆಯ ಕಾಲನಿ ಪಟ್ಟ ಪಾಡನ್ನು ಇದುವರೆಗೆ ನಾನು ಯಾರಿಗೂ ಹೇಳಿಲ್ಲ. ಒಡಹುಟ್ಟಿದವನ ಮಾನ ಎಂದು ಹೊಟ್ಟೆಗೆ ಹಾಕಿಕೊಂಡಿದ್ದೆ. ಕಳೆದ ಭಾನುವಾರ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಅವನು ಮಾಡಿದ್ದಕ್ಕೆ ಮಾತ್ರ ನನ್ನ ಹೊಟ್ಟೆಯಲ್ಲಿ ಜಾಗವಿಲ್ಲ!

ಬೋರ್ಡಿನ ಕೆಳಗೆ ಒಂದು ಹಳೆಯ ಏರ್‌ಕೂಲರ್, ಅದರ ಮೇಲೊಂದು ಪ್ರೊಜೆಕ್ಟರ್, ಪಕ್ಕದಲ್ಲಿ ಹಸಿರು ದೀಪ ಮಿನುಗುವ ಡಬ್ಬ. 'ಸಾರ್ವಕಾಲಿಕ ಪಂಚಕ' ಎಂದು ಅದಕ್ಕೆ ನಾಮಕರಣವೂ ಆಗಿತ್ತು. ಕ್ಲಬ್ಬಿನ ಐವತ್ತು ವರ್ಷದ ಸ್ಕೋರ್ ಪುಸ್ತಕಗಳನ್ನೂ ಗೋಡೆಯ ಮೇಲಿನ ಫೋಟೋಗಳನ್ನೂ ಅದಕ್ಕೆ ಉಣಿಸಿದ್ದನಂತೆ. ಅದು ಇಲ್ಲಿಯವರೆಗೆ ಆಡಿದವರಲ್ಲೆಲ್ಲ ಶ್ರೇಷ್ಠರಾದ ಐವರನ್ನು ಆರಿಸಿ, ಅವರ ಹರೆಯದ ರೂಪವನ್ನು ಮಂಜಿನಲ್ಲಿ ಎಬ್ಬಿಸಿ, ಹೊಳೆಯಾಚೆಯ ಸಕ್ಕರೆ ಕಾರ್ಖಾನೆಯ ಶ್ರೇಷ್ಠ ಐವರ ಮೇಲೆ ಪಂದ್ಯ ಆಡಿಸುತ್ತದೆ ಎಂದ. ನಮ್ಮ ಐವರ ಹೆಸರನ್ನೂ ಪಾಯಿಂಟುಗಳನ್ನೂ ಅಂಗಳದ ಬಾಗಿಲಲ್ಲಿ ಕಲ್ಲಿನ ಮೇಲೆ ಕೆತ್ತಿಸುವುದೆಂದು ಕ್ಲಬ್ಬು ಮೊದಲೇ ಠರಾವು ಮಾಡಿತ್ತು.

ಹೆಸರುಗಳು ಪರದೆಯ ಮೇಲೆ ಬಂದವು. ನನ್ನದು ಇರಲಿಲ್ಲ!

ಎಡಗೈ ಕಾತ್ಯಾಯಿನಿ ಎಂದರೆ ಒಂದು ಕಾಲದಲ್ಲಿ ಮೂರು ಜಿಲ್ಲೆಗೆ ಗೊತ್ತಿತ್ತು. ಎಂಬತ್ತನಾಲ್ಕರ ಫೈನಲ್‌ನಲ್ಲಿ ಇದೇ ರಿಂಗಿಗೆ ಇಪ್ಪತ್ತೊಂಬತ್ತು ಪಾಯಿಂಟು ಹಾಕಿದವಳು ನಾನು. ಆದರೆ ನನ್ನ ಏಳನೇ ನಂಬರಿನ ಮುಂದೆ 'ಚೆಲುವರಾಜು' ಎಂದಿತ್ತು. ಆ ಚೆಲುವರಾಜು, ಈಗ ಕ್ಲಬ್ಬಿನ ಅಧ್ಯಕ್ಷರು, ಮುಂದಿನ ಸಾಲಿನಲ್ಲಿ ಶಾಲು ಸರಿಪಡಿಸಿಕೊಳ್ಳುತ್ತಿದ್ದರು.

"ಯಂತ್ರಕ್ಕೆ ಅಕ್ಕ ತಂಗಿ ಅನ್ನೋ ದಾಕ್ಷಿಣ್ಯ ಇರಲ್ಲ ಕಣಕ್ಕಾ," ಎಂದ ಪದ್ಮನಾಭ. "ಪುಸ್ತಕದಲ್ಲಿ ಏನಿದೆಯೋ ಅದೇ."

ಪುಸ್ತಕದಲ್ಲಿ ಏನಿತ್ತೆಂದು ಆಗ ನನಗೆ ಹೊಳೆಯಿತು. ನಮ್ಮ ಕಾಲದಲ್ಲಿ ಕ್ಲಬ್ಬಿಗಿದ್ದದ್ದು ಒಂದೇ ಸೆಟ್ ಜೆರ್ಸಿ. ನಾಲ್ಕಕ್ಕೆ ಗಂಡಸರ ಪಂದ್ಯ. ಐದೂವರೆಗೆ ಅದೇ ಜೆರ್ಸಿಗಳನ್ನು ಹಿಂಡಿ, ಮೂಗು ಮುಚ್ಚಿಕೊಂಡು ನಾವು ಹೆಂಗಸರು ತೊಡುತ್ತಿದ್ದೆವು. ಸ್ಕೋರ್ ಬರೆಯುವವರು ಎರಡೂ ಪಂದ್ಯಗಳನ್ನು ಒಂದೇ ಹಾಳೆಯಲ್ಲಿ, ಬರೀ ನಂಬರಿನಲ್ಲಿ ಬರೆದಿಡುತ್ತಿದ್ದರು; ಯಾರ ನಂಬರು ಯಾವುದೆಂದು ಊರಿಗೇ ಗೊತ್ತಿದ್ದಾಗ ಹೆಸರು ಯಾಕೆ? ಚೆಲುವರಾಜು ಅವರದೂ ಏಳು, ನನ್ನದೂ ಏಳು. ಯಂತ್ರ ಇಬ್ಬರನ್ನೂ ಕಲಸಿ ಒಬ್ಬರನ್ನಾಗಿ ಮಾಡಿ, ಗೋಡೆಯ ಮೇಲೆ ಯಾರ ಫೋಟೋ ದೊಡ್ಡದೋ ಅವರ ಹೆಸರಿಟ್ಟಿತ್ತು.

ಇದನ್ನೆಲ್ಲ ಎದ್ದು ನಿಂತು ಹೇಳಿದೆ. ಅಧ್ಯಕ್ಷರು ಆಕಾಶ ನೋಡುತ್ತ, ಅಷ್ಟು ಹಳೆಯ ಸಂಗತಿ ತಮಗೆ ನೆನಪಿಲ್ಲ ಎಂದರು. ನೆನಪಿಲ್ಲವಂತೆ! ಅವರ ಬೆವರನ್ನು ಆರು ವರ್ಷ ಮೈಮೇಲೆ ಹೊತ್ತವಳು ನಾನು!

ಕೂಲರ್ ಗುರುಗುಟ್ಟಿತು. ಮಂಜೆದ್ದಿತು. ಏಳನೇ ನಂಬರು ಅಂಗಳಕ್ಕಿಳಿದಾಗ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದಿನಿಂದ ಚೆಲುವರಾಜು ಅವರ ಗಿರಿಜಾಮೀಸೆ, ಹಿಂದಿನಿಂದ ನನ್ನ ಮೊಣಕಾಲುದ್ದದ ಜಡೆ, ಜಡೆಯಲ್ಲಿ ಕನಕಾಂಬರ! ಎರಡು ಪಂದ್ಯಗಳನ್ನು ಒಟ್ಟಿಗೇ ಆಡುತ್ತಿದ್ದ ಆ ಆಸಾಮಿ ಬಲಗೈಯಿಂದ ತನಗೇ ಪಾಸು ಕೊಟ್ಟು, ಎಡಗೈಯಿಂದ ಬಾಸ್ಕೆಟ್ ಹಾಕುತ್ತಿತ್ತು. ಎಡಗೈ ನನ್ನದೆಂದು ನಾನು ಗಂಟಲು ಹರಿದುಕೊಂಡೆ. ಅಧ್ಯಕ್ಷರು ಒಂದೊಂದು ಬಾಸ್ಕೆಟ್ಟಿಗೂ ಎದ್ದು ಜನರಿಗೆ ಕೈಮುಗಿಯುತ್ತಿದ್ದರು.

ಐದು ನಿಮಿಷವಾಗಿರಬೇಕು. ಡಬ್ಬದೊಳಗಿಂದ ಸೀಟಿ ಕೇಳಿಸಿತು. ಯಂತ್ರ ಪುಸ್ತಕದಲ್ಲಿದ್ದ ಫೌಲುಗಳನ್ನೂ ಎಣಿಸುತ್ತಿತ್ತಂತೆ. ಐದು ಫೌಲಾದರೆ ಆಟಗಾರ ಹೊರಗೆ ಹೋಗಬೇಕು. ನಮ್ಮಿಬ್ಬರನ್ನೂ ಕಲಸಿದ ಏಳನೇ ನಂಬರು ಪ್ರತಿ ಹಾಳೆಯಲ್ಲೂ ಏಳೋ ಎಂಟೋ ಫೌಲು ಮಾಡಿ, ಮತ್ತೂ ಆಡುತ್ತಲೇ ಇತ್ತು! "ಏಳನೇ ನಂಬರ್ ಚೆಲುವರಾಜು ಮೋಸಗಾರ. ಆಜೀವ ನಿಷೇಧ," ಎಂದು ಧ್ವನಿವರ್ಧಕ ಸಾರಿತು. ನೋಡಲು ಬಂದಿದ್ದ ಹೊಳೆಯಾಚೆಯವರು ಚಪ್ಪಾಳೆ ತಟ್ಟಿದರು.

ಅಧ್ಯಕ್ಷರ ಶಾಲು ಜಾರಿತು. "ಆ ಫೌಲು ನನ್ನವಲ್ಲ ಕಣಯ್ಯ ಪದ್ಮನಾಭ," ಎಂದು ಕೂಗಿದರು. "ಎಲ್ಲಾ ಕಾತ್ಯಾಯಿನಿಯವು. ಅವಳೂ ಅದೇ ಜೆರ್ಸಿ ಹಾಕ್ಕೊಳ್ತಿದ್ಲು."



"ಈಗ ನೆನಪಾಯ್ತಾ ಅಧ್ಯಕ್ಷರೇ?" ಎಂದೆ. ಪಾಯಿಂಟು ಅವರಿಗಂತೆ, ಫೌಲು ನನಗಂತೆ!

ನನ್ನ ತಮ್ಮನೆಂಬ ಮಹಾನುಭಾವ ಅಧ್ಯಕ್ಷರ ಮಾತನ್ನು ಇದ್ದದ್ದು ಇದ್ದಂತೆ ಡಬ್ಬಕ್ಕೆ ಬರೆದುಬಿಟ್ಟ. ನನ್ನ ಪಾಯಿಂಟನ್ನೂ ಬರೆಯೋ ಎಂದು ಬೈದರೆ, ಅವರು ಹೇಳಿದ್ದು ಫೌಲಷ್ಟೇ ಎಂದ. ಯಂತ್ರ ಎರಡು ನಿಮಿಷ ಕೆಮ್ಮುತ್ತ ಯೋಚಿಸಿತು. ಫೌಲು ಮಾಡಬೇಕಾದರೆ ಅಂಗಳದಲ್ಲಿರಬೇಕು. ಏಳನೇ ನಂಬರು ಫೌಲು ಮಾಡದ ಪಂದ್ಯವೇ ಇಲ್ಲ. ಫೌಲೆಲ್ಲ ಕಾತ್ಯಾಯಿನಿಯವಾದರೆ ಎಲ್ಲ ಪಂದ್ಯಗಳನ್ನೂ ಆಡಿದವಳು ಅವಳೇ, ಪಾಯಿಂಟುಗಳೂ ಅವಳವೇ! ಧ್ವನಿವರ್ಧಕ ಮತ್ತೆ ಸಾರಿತು: "ಸಾರ್ವಕಾಲಿಕ ಏಳನೇ ನಂಬರ್, ಕಾತ್ಯಾಯಿನಿ. ಆಜೀವ ನಿಷೇಧ."

ಮಂಜಿನೊಳಗಿನ ಮುಖದಿಂದ ಮೀಸೆ ಕಳಚಿಕೊಂಡಿತು. ಇಪ್ಪತ್ತೆರಡರ ನಾನು ಜಡೆ ಬೀಸುತ್ತ ಹೋಗಿ ಬೆಂಚಿನ ಮೇಲೆ ಕುಳಿತೆ. ಹೊರಗೆ ಹೋಗಲು ಮರೆತ ಮೀಸೆ ಮಾತ್ರ, ಪಂದ್ಯ ಮುಗಿದು ನಾವು ನಲವತ್ತು ಪಾಯಿಂಟಿನಿಂದ ಸೋಲುವವರೆಗೂ ಒಂಟಿಯಾಗಿ ಚೆಂಡಿನ ಹಿಂದೆ ಓಡುತ್ತಿತ್ತು.

ಅರವತ್ತೆರಡರ ಮಂಡಿಗೆ ಆಜೀವ ನಿಷೇಧದಿಂದ ಏನೂ ನಷ್ಟವಿಲ್ಲ. ಬರುವ ತಿಂಗಳು ನನ್ನ ಹೆಸರಿರುವ ಕಲ್ಲು ನೆಡುತ್ತಾರೆ. ಅದರಲ್ಲಿ ಕೆತ್ತುವ ಪಾಯಿಂಟುಗಳಲ್ಲಿ ಅರ್ಧ ಚೆಲುವರಾಜು ಅವರವು ಎಂಬುದು ನನಗೆ ಚೆನ್ನಾಗಿ ಗೊತ್ತು. ಸತ್ಯವನ್ನು ಮುಚ್ಚಿಡುವವಳಲ್ಲ ನಾನು, ಖಂಡಿತ ಹೇಳುತ್ತೇನೆ. ಅವರಿಗೆ ಹೇಳಲು ನಲವತ್ತು ವರ್ಷ ಹಿಡಿಯಿತು. ನನಗೂ ಅಷ್ಟು ಸಮಯ ಕೊಡಲಿ.